ಸಿನ್ಸಿನಾಟಿಗೆ ಹೊಸದಾಗಿ ಬಂದ ತಂಗಿಗೆ, ತಪಸ್ಸುಕಾಲದ ಬಗ್ಗೆ

ಜನವರಿಯಲ್ಲಿ ಕೆಲಸಕ್ಕೆ ಅಂತ ಅಮೆರಿಕದ ಸಿನ್ಸಿನಾಟಿಗೆ ಬಂದಿಳಿದಿದ್ದೀರಿ. ಇಲ್ಲಿ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ, ಪ್ರಾರ್ಥನೆಯ ಕಾಲ, ಹೇಗಿರುತ್ತದೆ, ಉಪವಾಸದ ನಿಯಮ ನಮ್ಮದೇನಾ, ಕನ್ನಡ ಇಲ್ಲವೇ ಕೊಂಕಣಿ ಪೂಜೆ ಸಿಗುತ್ತದಾ, ಚರ್ಚಿನ ಸೇವಾ ಕೆಲಸಕ್ಕೆ ಸೇರಲು ಯಾರನ್ನು ಕೇಳಬೇಕು, ಶುಭ ಶುಕ್ರವಾರ ರಜೆ ಇದೆಯಾ, ಇಷ್ಟು ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ: "ಮೂರು ಭಾನುವಾರ ಪೂಜೆಗೆ ಹೋದೆ ಅಕ್ಕಾ, ಒಬ್ಬರೂ ಮಾತಾಡಿಸಲಿಲ್ಲ." ಮೊದಲು ಆ ಸಾಲಿಗೇ ಉತ್ತರ ಹೇಳುತ್ತೇನೆ.

ಇಲ್ಲಿನ ಜನ ಒಳ್ಳೆಯವರು. ಆದರೆ ಇಲ್ಲಿ ನಮ್ಮ ಕಡೆಯ ಹಾಗೆ ಚರ್ಚಿನ ಮನೆಗಳನ್ನು ಗುಂಪು ಮಾಡಿದ ವಾಳೆ ಇಲ್ಲ, ವಾಳೆ ನೋಡಿಕೊಳ್ಳುವ ಗುರಿಕಾರರೂ ಇಲ್ಲ. ನಮ್ಮ ಕಡೆ ಮನೆ ಬದಲಾಯಿಸಿ ಸಾಮಾನು ಬಿಚ್ಚುವಷ್ಟರಲ್ಲಿ ಗುರಿಕಾರರು ಬಾಗಿಲಿಗೆ ಬಂದಿರುತ್ತಾರೆ. ಯಾವ ಊರು, ಯಾರ ಮಗಳು, ಜಪಸರಕ್ಕೆ ನಿಮ್ಮ ಮನೆಯ ಸರದಿ ಯಾವಾಗ, ಎಲ್ಲ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಇಲ್ಲಿ ಹಾಗಲ್ಲ. ಧರ್ಮಕೇಂದ್ರಕ್ಕೆ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶಕ್ಕೆ, ಗಡಿ ಅಂತ ಇದೆ, ಆದರೂ ಜನ ತಮಗೆ ಹಿಡಿಸಿದ ಚರ್ಚಿಗೆ ಕಾರು ಹತ್ತಿ ಹೋಗುತ್ತಾರೆ. ಬೆಂಚಿನಲ್ಲಿ ಪಕ್ಕ ಕುಳಿತವರಿಗೆ ನೀವು ನೆಂಟರ ಮನೆಗೆ ಬಂದವರಾ, ಇಲ್ಲೇ ಇರುವವರಾ ಗೊತ್ತಾಗುವುದೇ ಇಲ್ಲ. ನಾನು ಬಂದ ವರ್ಷ ಹೊರಗೆ ಹಿಮ ಬೀಳುತ್ತಿತ್ತು. ಕೊನೆಯ ಹಾಡು ಮುಗಿಯುವ ಮೊದಲೇ ಅರ್ಧ ಜನ ಪಾರ್ಕಿಂಗ್ ಕಡೆ ಹೊರಟಿರುತ್ತಿದ್ದರು. ನಾನು ಬಾಗಿಲ ಹತ್ತಿರ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬೇಕಂತಲೇ ತಡ ಮಾಡುತ್ತಿದ್ದೆ, ಯಾರಾದರೂ ಹೆಸರು ಕೇಳಲಿ ಅಂತ.

ಅದಕ್ಕೇ ಹೇಳುವುದು, ಕಾಯಬೇಡಿ. ವಾರದ ದಿನ ಚರ್ಚ್ ಆಫೀಸಿಗೆ ಫೋನ್ ಮಾಡಿ ಅಥವಾ ಹೋಗಿ, ನೋಂದಣಿ ಫಾರಂ ಕೇಳಿ ತುಂಬಿಸಿ. ಯಾರದೋ ಮಗುವಿಗೆ ಜ್ಞಾನತಾಯಿ (ಗಾಡ್‌ಮದರ್) ಆಗಬೇಕಾದರೂ, ನಾಳೆ ನಿಮ್ಮದೇ ಮದುವೆಯ ಕಾಗದಪತ್ರಕ್ಕೂ, "ಇವರು ನಮ್ಮ ಧರ್ಮಕೇಂದ್ರದವರು" ಎಂಬ ಮಾತು ಆ ಆಫೀಸಿನಿಂದಲೇ ಬರಬೇಕು. ಕಾಣಿಕೆಗೆ ಕವರ್ ಕಳಿಸುತ್ತಾರೆ, ಇಲ್ಲವೇ ಆನ್‌ಲೈನ್‌ನಲ್ಲಿ ಕಟ್ಟಬಹುದು. ಎಷ್ಟು ಕೊಡುತ್ತೀರಿ ಅನ್ನುವುದು ನಿಮ್ಮ ಶಕ್ತಿಗೆ ಬಿಟ್ಟದ್ದು. ಇನ್ನೊಂದು ವಿಷಯ ತಿಳಿದಿರಲಿ. ಸಿನ್ಸಿನಾಟಿ ಮಹಾಧರ್ಮಪ್ರಾಂತ್ಯದಲ್ಲಿ (ಆರ್ಚ್‌ಬಿಷಪ್ ನೋಡಿಕೊಳ್ಳುವ ಪ್ರದೇಶ) 2022ರಿಂದ ಧರ್ಮಕೇಂದ್ರಗಳನ್ನು ಗುಂಪು ಮಾಡಿ 'ಕುಟುಂಬ'ಗಳಾಗಿ ಸೇರಿಸಿದ್ದಾರೆ, ಒಂದು ಗುಂಪಿಗೆ ಒಬ್ಬರೇ ಮುಖ್ಯ ಗುರುಗಳು. ನೀವು ಪೂಜೆಗೆ ಹೋಗುವ ಚರ್ಚು ಒಂದಾಗಿ, ಆಫೀಸು ಇನ್ನೊಂದು ಚರ್ಚಿನಲ್ಲಿ ಇರಬಹುದು. ಬೀಗ ಹಾಕಿದ್ದು ಕಂಡು ಸುಮ್ನೆ ವಾಪಸ್ ಬರಬೇಡಿ.

ಉಪವಾಸದ ನಿಯಮ ಬೇಗ ಹೇಳಿ ಮುಗಿಸುತ್ತೇನೆ. ಈ ವರ್ಷ, ಅಂದರೆ 2026ರಲ್ಲಿ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18, ಪಾಸ್ಕ (ಈಸ್ಟರ್) ಏಪ್ರಿಲ್ 5. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59 ವರ್ಷದವರಿಗೆ ಉಪವಾಸ: ಒಂದು ಪೂರ್ತಿ ಊಟ, ಬೇಕಾದರೆ ಇನ್ನೆರಡು ಸಣ್ಣ ಊಟ, ಆ ಎರಡೂ ಸೇರಿದರೂ ಒಂದು ಊಟದಷ್ಟು ಆಗಬಾರದು. ಆ ಎರಡು ದಿನ ಮತ್ತು ತಪಸ್ಸುಕಾಲದ ಎಲ್ಲ ಶುಕ್ರವಾರ 14 ತುಂಬಿದವರು ಮಾಂಸ ತಿನ್ನುವಂತಿಲ್ಲ. ಮೀನು, ಮೊಟ್ಟೆ, ಹಾಲು ಆಗುತ್ತದೆ. ಬೂದಿ ಬುಧವಾರ ರಜೆ ಇಲ್ಲ. ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡೇ ಜನ ಆಫೀಸಿಗೆ ಹೋಗುತ್ತಾರೆ. ನೀವೂ ಒರೆಸಿಕೊಳ್ಳದೆ ಹೋಗಿ. ಬೂದಿ ಇಟ್ಟ ಇನ್ನೊಂದು ಹಣೆ ಲಿಫ್ಟಿನಲ್ಲಿ ಸಿಕ್ಕರೆ, ಅಲ್ಲೇ ಒಬ್ಬ ಪರಿಚಯದವರು ಸಿಕ್ಕ ಹಾಗೆ.

ಕನ್ನಡ ಪೂಜೆ ನಾನಿರುವ ಕಡೆ ಇಲ್ಲ. ಕೊಂಕಣಿಯವರು ಹಬ್ಬಕ್ಕೋ ಮರಿಯಮ್ಮನ ಜನ್ಮದಿನದ ಮೊಂತಿಗೋ ಸೇರಿದಾಗ ಯಾರಾದರೂ ಗುರುಗಳು ಸಿಕ್ಕರೆ ಪೂಜೆ ಆಗುತ್ತದೆ, ಅಷ್ಟೇ. ಮಲಯಾಳಿ ಗೆಳತಿಯರು ತಮ್ಮ ಸಿರೋ ಮಲಬಾರ್ (ಕೇರಳದ ಕಥೋಲಿಕ ಪಂಗಡ) ಪೂಜೆಗೆ ಕರೆದರೆ ಧಾರಾಳವಾಗಿ ಹೋಗಿ, ಆದರೆ ಅವರ ತಪಸ್ಸುಕಾಲ ಸೋಮವಾರವೇ ಶುರುವಾಗುತ್ತದೆ, ನಮ್ಮ ಬುಧವಾರಕ್ಕಲ್ಲ.

ಇನ್ನು ಶುಕ್ರವಾರದ ಫಿಶ್ ಫ್ರೈ, ಅಂದರೆ ತಪಸ್ಸುಕಾಲದಲ್ಲಿ ಚರ್ಚಿನವರು ಮಾಡಿ ಮಾರುವ ಕರಿದ ಮೀನಿನ ಊಟ. ಈ ಊರಿಗೆ ಶುಕ್ರವಾರದ ಮೀನು ಎಷ್ಟು ಮುಖ್ಯ ಅಂದರೆ, ಮ್ಯಾಕ್‌ಡೊನಾಲ್ಡ್ಸ್‌ನ ಫಿಲೆ-ಒ-ಫಿಶ್ ಹುಟ್ಟಿದ್ದೇ ಇಲ್ಲಿ, 1962ರಲ್ಲಿ. ಆಗ ಆ ಅಂಗಡಿಯ ಸುತ್ತ ಕಥೋಲಿಕರೇ ಜಾಸ್ತಿ ಇದ್ದರು. ಶುಕ್ರವಾರ ಮಾಂಸದ ಬರ್ಗರ್ ಯಾರೂ ಕೊಳ್ಳುತ್ತಿರಲಿಲ್ಲ, ಅದಕ್ಕೆ ಅಂಗಡಿಯವರು ಮೀನಿನ ದಾರಿ ಹಿಡಿದರು. ಚರ್ಚ್ ಹಾಲ್‌ಗಳಲ್ಲಿ ಈಗಲೂ ಶುಕ್ರವಾರ ಸಂಜೆ ಸಾಲು ಬಾಗಿಲಾಚೆ ಹೋಗಿರುತ್ತದೆ. ಕರಾವಳಿಯವರಾದ ನಮಗೆ ಮೊದಲು ಇದು ವಿಚಿತ್ರ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಅಮ್ಮ ನಲವತ್ತು ದಿನ ಮೀನಿನ ಪಾತ್ರೆಯನ್ನೇ ಅಟ್ಟಕ್ಕೆ ಏರಿಸುತ್ತಿದ್ದರು. ಇಲ್ಲಿ ನೋಡಿದರೆ ತಪಸ್ಸಿನ ಹೆಸರಲ್ಲಿ ತಟ್ಟೆ ತುಂಬ ಕರಿದ ಮೀನು. ಹಾಗಂತ ಬೇಸರ ಮಾಡಿಕೊಳ್ಳಬೇಡಿ. ತಿನ್ನುವ ಸಾಲಿನಲ್ಲಿ ನಿಲ್ಲುವ ಬದಲು ಅಡುಗೆ ಕೋಣೆಗೆ ಹೋಗಿ, ಏನಾದರೂ ಕೆಲಸ ಕೊಡಿ ಅನ್ನಿ. ಒಂದು ಸಂಜೆ ಎಲೆಕೋಸು ಹೆಚ್ಚಿದರೆ, ಒಂದು ವರ್ಷ ಬೆಂಚಿನಲ್ಲಿ ಕುಳಿತರೂ ಗೊತ್ತಾಗದಷ್ಟು ಜನ ಗೊತ್ತಾಗುತ್ತಾರೆ. ಹೈಸ್ಕೂಲ್ ಮಕ್ಕಳು ಮೇಜು ಒರೆಸುತ್ತಾರೆ, ದೃಢೀಕರಣ ಎಂಬ ಸಂಸ್ಕಾರಕ್ಕೆ ಮುಂಚೆ ಅವರು ಸೇವೆ ಮಾಡಬೇಕಿರುತ್ತದೆ. ಅಜ್ಜಂದಿರು ಎಣ್ಣೆಯ ಮುಂದೆ ನಿಂತಿರುತ್ತಾರೆ. ನನ್ನ ಹೆಸರನ್ನು ಈ ಧರ್ಮಕೇಂದ್ರದಲ್ಲಿ ಮೊದಲ ಸಲ ಸರಿಯಾಗಿ ಹೇಳಿದವರು ಅಲ್ಲಿ ಎಣ್ಣೆ ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜ. ಆ ಸಂಜೆ ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಅದನ್ನೇ ಹೇಳಿದ್ದೆ.

ಬೂದಿ ಬುಧವಾರದ ಸುಮಾರಿಗೆ ರಟ್ಟಿನ ಒಂದು ಸಣ್ಣ ಪೆಟ್ಟಿಗೆ ಕೊಡುತ್ತಾರೆ, ರೈಸ್ ಬೌಲ್ ಅಂತ. 1975ರಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ, ಆಫ್ರಿಕಾದ ಬರಕ್ಕೆ ಸ್ಪಂದಿಸಿ ಶುರುವಾದದ್ದು. ಈಗ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ನಡೆಸುತ್ತದೆ. ಬಿಟ್ಟ ಊಟದ ದುಡ್ಡು ಅದರಲ್ಲಿ ಹಾಕಿ. ಕಾಲು ಭಾಗ ಇಲ್ಲಿನ ಹಸಿದವರಿಗೆ ಉಳಿಯುತ್ತದೆ, ಮುಕ್ಕಾಲು ಹೊರದೇಶಗಳಿಗೆ ಹೋಗುತ್ತದೆ.

ಈಗ ಸೇವೆಯ ಮಾತು. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಬಹಳ ಹೇಳಬೇಕಿರುವುದು ಇದರ ಬಗ್ಗೆಯೇ.

ಊರಲ್ಲಿ ವಿನ್ಸೆಂಟ್ ದೆ ಪಾವ್ಲ್ ಸಭೆ ನೋಡಿದ್ದೀರಿ ಅಲ್ವಾ? 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಂ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಕಟ್ಟಿದ ಅದೇ ಸಭೆ ಇಲ್ಲೂ ಇದೆ. ಇಬ್ಬಿಬ್ಬರಾಗಿ ಕಷ್ಟದಲ್ಲಿರುವವರ ಮನೆಗೆ ಹೋಗುತ್ತಾರೆ, ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ದಾರಿ ಹುಡುಕುತ್ತಾರೆ. ಸಿನ್ಸಿನಾಟಿಯಲ್ಲಿ ದುಡ್ಡಿಲ್ಲದವರಿಗೆ ಔಷಧಿ ಕೊಡುವ ಫಾರ್ಮಸಿಯನ್ನೇ ನಡೆಸುತ್ತಾರೆ. ಇನ್ನು ಬಹಳಷ್ಟು ಚರ್ಚುಗಳಲ್ಲಿ ಫುಡ್ ಪ್ಯಾಂಟ್ರಿ, ಅಂದರೆ ಇಲ್ಲದವರಿಗೆ ದಿನಸಿ ಪುಕ್ಕಟೆ ಕೊಡುವ ಕೋಣೆ, ಇರುತ್ತದೆ. ನಾನು ಸೇರಿದ್ದು ಅಲ್ಲಿಗೆ, ಒಂದು ತಪಸ್ಸುಕಾಲದಲ್ಲಿ.

ಅಲ್ಲಿ ಮೊದಲು ಕಲಿಸಿದ್ದು ಚೀಲ ತುಂಬುವುದನ್ನು. ಒಲೆ ಇರುವ ಮನೆಗೆ ಒಂದು ಥರ ಚೀಲ, ಬರೀ ಮೈಕ್ರೋವೇವ್ ಇರುವ ಮೋಟೆಲ್ ಕೋಣೆಯಲ್ಲಿ ಇರುವವರಿಗೆ ಇನ್ನೊಂದು. ಕಾರಿನಲ್ಲೇ ಮಲಗುವವರ ಚೀಲಕ್ಕೆ ಬೆರಳಲ್ಲಿ ಎಳೆದು ತೆರೆಯುವ ಮುಚ್ಚಳದ ಡಬ್ಬಿ ಮಾತ್ರ, ಯಾಕೆಂದರೆ ಅವರ ಹತ್ತಿರ ಡಬ್ಬಿ ಓಪನರ್ ಇರುವುದಿಲ್ಲ. ಪ್ರತಿ ಡಬ್ಬಿಯನ್ನೂ ತಿರುಗಿಸಿ ತಾರೀಕು ನೋಡಬೇಕು. ಕೊಡುವಾಗ ಪ್ರಶ್ನೆ ಬೇಡ, ಬುದ್ಧಿಮಾತೂ ಬೇಡ. ನಮ್ಮ ಕಡೆ ಅಕ್ಕಿ ಕೊಡುವಾಗ ಹಿರಿಯರು ಎರಡು ಮಾತು ಹೇಳುವುದು ರೂಢಿ, ಪ್ರೀತಿಯಿಂದಲೇ ಹೇಳುತ್ತಾರೆ. ಇಲ್ಲಿ ಅದು ನೋಯಿಸುತ್ತದೆ. "ಬೀನ್ಸ್ ಬೇಕಾ, ಬಟಾಣಿ ಬೇಕಾ?" ಅಂತ ಕೇಳಿ, ಆರಿಸಿಕೊಳ್ಳಲು ಬಿಡಿ.

ತಪಸ್ಸುಕಾಲದಲ್ಲಿ ಪ್ಯಾಂಟ್ರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಲೆ ಮಕ್ಕಳು, ಯುವಕರ ಗುಂಪು, ದಂಪತಿಗಳು, ಎಲ್ಲರೂ ಬಂದು ನಿಲ್ಲುತ್ತಾರೆ. ಒಂದು ಡಬ್ಬಿಗೆ ನಾಲ್ಕು ಕೈ. ಪವಿತ್ರ ವಾರಕ್ಕೆ ಮುಂಚಿನ ಗುರುವಾರ ಒಬ್ಬ ತಾಯಿ ಬಂದಿದ್ದರು, ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ, ಎರಡು ಮಕ್ಕಳು. ಚೀಲ ತೆಗೆದುಕೊಳ್ಳುತ್ತಾ, "ಈಸ್ಟರ್ ಆದ ಮೇಲೆ ನೀವೆಲ್ಲ ಇರುವುದಿಲ್ಲ, ಅಲ್ವಾ?" ಅಂದರು. ದೂರಿನ ದನಿ ಇರಲಿಲ್ಲ. ಪ್ರತಿ ವರ್ಷ ನೋಡಿದ್ದನ್ನೇ ಹೇಳಿದ್ದರು.

ಅವರು ಹೇಳಿದ ಹಾಗೇ ಆಯಿತು. ಪಾಸ್ಕದ ನಂತರದ ಗುರುವಾರ ನಾನು ಹೋದಾಗ ಒಳಗೆ ನಿವೃತ್ತರಾದ ಇಬ್ಬರು ಹಿರಿಯರು ಮಾತ್ರ ಇದ್ದರು. ಹೊರಗಿನ ಸಾಲು ಮಾತ್ರ ಒಂದಿಂಚೂ ಗಿಡ್ಡವಾಗಿರಲಿಲ್ಲ. ಜೂನ್ ಬಂದಾಗ ಇನ್ನೂ ಉದ್ದವಾಯಿತು. ಕಾರಣ ನನಗೆ ಆಮೇಲೆ ತಿಳಿಯಿತು. ಬಡ ಮಕ್ಕಳಿಗೆ ಶಾಲೆಯಲ್ಲಿ ಪುಕ್ಕಟೆ ತಿಂಡಿ, ಊಟ ಸಿಗುತ್ತದೆ. ಬೇಸಿಗೆ ರಜೆ ಶುರುವಾದರೆ ಆ ಎರಡೂ ಹೊತ್ತಿನ ಊಟ ಮನೆಯ ಮೇಲೆ ಬೀಳುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ, ಮತ್ತೆ ತಪಸ್ಸುಕಾಲದಲ್ಲಿ ಜನ ಕೈತುಂಬ ಕೊಡುತ್ತಾರೆ. ಹಸಿವು ಹೆಚ್ಚುವ ತಿಂಗಳಲ್ಲಿ ಎಲ್ಲರೂ ಪ್ರವಾಸದಲ್ಲಿ ಇರುತ್ತಾರೆ.

ಆ ಜುಲೈಯ ಒಂದು ಗುರುವಾರ ನನಗೆ ಇವತ್ತಿಗೂ ಮರೆಯಲು ಆಗಿಲ್ಲ. ತಪಸ್ಸುಕಾಲದಲ್ಲಿ ಬಂದಿದ್ದ ಡಬ್ಬಿಗಳು ಹಿಂದಿನ ಕೋಣೆಯಲ್ಲಿ ರಾಶಿ ರಾಶಿ ಇದ್ದವು, ಪೆಟ್ಟಿಗೆ ಬಿಚ್ಚಿರಲಿಲ್ಲ, ತಾರೀಕು ನೋಡಿರಲಿಲ್ಲ. ಬಿಚ್ಚಿ ಜೋಡಿಸಲು ಕೈ ಇರಲಿಲ್ಲ. ಹಿರಿಯರಲ್ಲಿ ಒಬ್ಬರಿಗೆ ಬೆನ್ನು ಹಿಡಿದುಕೊಂಡಿತ್ತು. ಮುಂದಿನ ಕಪಾಟು ಖಾಲಿಯಾಯಿತು, ಹೊತ್ತು ಮೀರಿತು, ಬಾಗಿಲು ಹಾಕಬೇಕಾಯಿತು. ಸಾಲಿನಲ್ಲಿ ಇನ್ನೂ ಜನ ಇದ್ದರು. ಆ ತಾಯಿಯೂ ಇದ್ದರು, ಸಣ್ಣ ಮಗು ಅವರ ಚೀಲದ ಹಿಡಿಕೆಗೆ ತನ್ನ ಬೆರಳು ಸುತ್ತಿಕೊಂಡು ನಿಂತಿತ್ತು. ಏನೂ ಅನ್ನದೆ ಹೋದರು. ಮುಂದೆ ಬರಲಿಲ್ಲ. ಊರು ಬಿಟ್ಟರೋ, ಬೇರೆ ಕಡೆ ಹೋಗುತ್ತಿದ್ದರೋ ಗೊತ್ತಾಗಲಿಲ್ಲ. ಗೋಡೆಯ ಆಚೆ ಆಹಾರ ಇತ್ತು ತಂಗಿ. ಅದೇ ನನ್ನನ್ನು ಇಂದಿಗೂ ಕೊರೆಯುತ್ತದೆ.

ಹಾಗಾಗಿ ತಪಸ್ಸುಕಾಲಕ್ಕೆ ಸೇರಿ, ಖಂಡಿತ ಸೇರಿ. ಆದರೆ ಸೇರುವ ದಿನವೇ ಅಲ್ಲಿ ನಡೆಸುವವರನ್ನು ಕೇಳಿ: "ಜೂನ್‌ನಲ್ಲಿ, ಜುಲೈನಲ್ಲಿ ನಿಮಗೆ ಯಾವ ಹೊತ್ತಿಗೆ ಜನ ಬೇಕು?" ವಾರಕ್ಕೆ ನಾಲ್ಕು ಸಲ ಬರುತ್ತೇನೆ ಅಂತ ಹೇಳಿ ಪಾಸ್ಕಕ್ಕೆ ನಿಲ್ಲಿಸುವುದಕ್ಕಿಂತ, ತಿಂಗಳಿಗೆ ಒಂದು ಗುರುವಾರ ವರ್ಷಪೂರ್ತಿ ಹೋಗುವುದು ಮೇಲು. ಮಾಂಸ ಬಿಡುವುದು, ಸಿಹಿ ಬಿಡುವುದು ಒಳ್ಳೆಯದೇ, ನಾನೂ ಬಿಡುತ್ತೇನೆ. ಜುಲೈಯ ಒಂದು ಸಂಜೆ ಬಿಡುವುದು ಅದಕ್ಕಿಂತ ಕಷ್ಟ.

ಎರಡು ಎಚ್ಚರಿಕೆ. ಮಕ್ಕಳು, ವೃದ್ಧರು ಇರುವ ಕಡೆ ಸೇವೆ ಮಾಡುವವರಿಗೆ ತರಬೇತಿ ಕೊಡುತ್ತಾರೆ, ಪೊಲೀಸ್ ದಾಖಲೆ ತಪಾಸಣೆಯನ್ನೂ ಮಾಡಿಸುತ್ತಾರೆ. ಹೊಸಬರು, ಕಂದು ಬಣ್ಣದವರು ಅಂತ ಮಾಡುತ್ತಾರೇನೋ ಎಂದು ನೊಂದುಕೊಳ್ಳಬೇಡಿ. ಮಕ್ಕಳ ಮೇಲಿನ ದೌರ್ಜನ್ಯ ಹೊರಬಂದ ಮೇಲೆ 2002ರಲ್ಲಿ ಅಮೆರಿಕದ ಬಿಷಪ್‌ಗಳು ಡಲ್ಲಾಸ್‌ನಲ್ಲಿ ಸೇರಿ ಮಾಡಿದ ನಿಯಮಗಳ ಮೇಲೆ ಇದು ನಡೆಯುತ್ತದೆ, ಇಲ್ಲೇ ಹುಟ್ಟಿ ಬೆಳೆದ ಅಜ್ಜಿಗೂ ಅದೇ. ಎರಡನೆಯದು ವೀಸಾ. ಸೇವೆಗೆ ಪ್ರತಿಯಾಗಿ ದುಡ್ಡು, ಗಿಫ್ಟ್ ಕಾರ್ಡ್ ಏನೂ ತೆಗೆದುಕೊಳ್ಳಬೇಡಿ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು, ಉದಾಹರಣೆಗೆ ಚರ್ಚಿನ ಲೆಕ್ಕಪತ್ರವನ್ನು, ಪುಕ್ಕಟೆ ಮಾಡಿಕೊಡುತ್ತೇನೆ ಅನ್ನುವ ಮೊದಲು ನಿಮ್ಮ ಕಂಪನಿಯ ವಕೀಲರನ್ನು ಕೇಳಿ. ಚೀಲ ತುಂಬುವುದಕ್ಕೆ, ಎಲೆಕೋಸು ಹೆಚ್ಚುವುದಕ್ಕೆ ಹೆದರಬೇಕಿಲ್ಲ.

ಶಿಲುಬೆ ಹಾದಿ, ಅಂದರೆ ಯೇಸುವಿನ ಕೊನೆಯ ಹಾದಿಯ ಹದಿನಾಲ್ಕು ಸ್ಥಳ ನೆನೆಯುವ ಪ್ರಾರ್ಥನೆ, ಶುಕ್ರವಾರ ಸಂಜೆ ಇರುತ್ತದೆ, ಕೆಲವು ಕಡೆ ಅದಕ್ಕೆ ಮುಂಚೆ ಬರೀ ಸೂಪು, ಬ್ರೆಡ್ಡಿನ ಊಟ. ಹದಿನಾಲ್ಕು ಸ್ಥಳವೂ ಗೋಡೆಯ ಮೇಲೆ. ಗೇರುಹೂವಿನ ವಾಸನೆಯಲ್ಲಿ, ಮಣ್ಣಿನ ದಾರಿಯಲ್ಲಿ, ಸುಡುವ ಕಾಲಲ್ಲಿ ಗುಡ್ಡ ಹತ್ತಿ ಬೆಳೆದವರಿಗೆ ಒಳಗೇ ಮುಗಿದುಹೋಗುವ ಈ ಶಿಲುಬೆ ಹಾದಿ ಸಾಲುವುದಿಲ್ಲ. ನಿಮಗೂ ಹಾಗೇ ಅನ್ನಿಸುತ್ತದೆ, ನನಗೆ ಗೊತ್ತು. ನನ್ನ ಮಕ್ಕಳಿಗೆ ಕನ್ನಡದ ಶಿಲುಬೆ ಹಾದಿಯ ಪ್ರಾರ್ಥನೆ ಅರ್ಧವೂ ಬರುವುದಿಲ್ಲ. ಅವರು ಇಂಗ್ಲಿಷಿನಲ್ಲಿ ಮನಸ್ಸಿಟ್ಟು ಮಾಡುತ್ತಾರೆ, ಅದಕ್ಕೆ ದೇವರಿಗೆ ವಂದನೆ. ಆದರೂ ಮನಸ್ಸು ಹಿಂಡುತ್ತದೆ.

ಶುಭ ಶುಕ್ರವಾರ ಇಲ್ಲಿ ಸರ್ಕಾರಿ ರಜೆ ಅಲ್ಲ. ಈ ವರ್ಷ ಅದು ಏಪ್ರಿಲ್ 3. ಈಗಲೇ ಮ್ಯಾನೇಜರ್‌ಗೆ ಹೇಳಿ ಒಂದು ದಿನದ ರಜೆ ಬರೆಸಿಡಿ, ಕಾರಣ ಹೇಳಲು ಸಂಕೋಚ ಬೇಡ. ರಜೆ ಸಿಕ್ಕರೆ ಮೌಂಟ್ ಆಡಮ್ಸ್ ಗುಡ್ಡಕ್ಕೆ ಬನ್ನಿ. ಅಲ್ಲಿ ಮೇಲೆ ಇಮ್ಮಾಕ್ಯುಲಾಟಾ ಚರ್ಚ್ ಇದೆ, ಓಹಾಯೋ ನದಿಯ ಕಡೆ ಮುಖ ಮಾಡಿ. ಕೆಳಗಿನಿಂದ ಮೆಟ್ಟಿಲಿಗೊಂದು ಪ್ರಾರ್ಥನೆ ಹೇಳುತ್ತಾ ಜನ ಹತ್ತುತ್ತಾರೆ, ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ ಪದ್ಧತಿ. ನಡುರಾತ್ರಿಗೇ ಶುರುವಾಗುತ್ತದೆ. ಕಥೋಲಿಕರಲ್ಲದವರೂ ಬರುತ್ತಾರೆ. ನಾವು ಕೆಲವರು ಕನ್ನಡದಲ್ಲಿ ಹೇಳಿಕೊಂಡು ಹತ್ತುತ್ತೇವೆ, ಯಾರೂ ಏನೂ ಅನ್ನುವುದಿಲ್ಲ. ಬೆಳಗ್ಗೆ ಬೇಗ ಹೋದರೆ ಸಾಲು ಕಡಿಮೆ. ಗುಡ್ಡದ ಮೇಲೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಕೆಳಗೆ ಪೇಟೆಯಲ್ಲಿ ನಿಲ್ಲಿಸಿ ನಡೆದು ಬನ್ನಿ. ಏಪ್ರಿಲ್ ಆದರೂ ಗಾಳಿ ಕೊರೆಯುತ್ತದೆ, ಕೈಗವಸು ಮರೆಯಬೇಡಿ.