ಸಿನಿಮಾದ ಹಕ್ಕು ಮುಗಿಯಿತು, ಕಥೆಯದು ಮುಗಿದಿಲ್ಲ

ಹಳೇ ಸಿನಿಮಾಗಳ ಕಾಪಿರೈಟ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಇವತ್ತು ಅದನ್ನು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ. ಮತ್ತೆ ಕೇಳಬೇಡಿ.

ಪ್ರಶ್ನೆ: ‘ಚಂದವಳ್ಳಿಯ ತೋಟ’ ಬಂದದ್ದು 1964ರಲ್ಲಿ. 60 ವರ್ಷ ಕಳೆಯಿತು. ಇಡೀ ಸಿನಿಮಾ ನನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದಾ?

ಉತ್ತರ: ನಿಮ್ಮ ಲೆಕ್ಕ ಸರಿ, ತೀರ್ಮಾನ ತಪ್ಪು. ಸಿನಿಮಾ ಬಿಡುಗಡೆಯಾದ ಮುಂದಿನ ಜನವರಿ 1ರಿಂದ 60 ವರ್ಷ ಎಣಿಸಬೇಕು. ಸೆನ್ಸಾರ್ ಆದ ತಾರೀಖಿನಿಂದ ಅಲ್ಲ. ಹಾಗಾಗಿ ಈ ಸಿನಿಮಾದ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. (ಮೊದಲು ಇದ್ದದ್ದು 50 ವರ್ಷ. 1991ರ ಕೊನೆಗೆ ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುವುದರಲ್ಲಿತ್ತು. ಸರ್ಕಾರ ಅವಸರದಲ್ಲಿ 60 ಮಾಡಿತು. ಸಿನಿಮಾದವರಿಗೂ ಹತ್ತು ವರ್ಷ ಸುಮ್ನೆ ಸಿಕ್ಕಿತು.)

ಆದರೆ ಸಿನಿಮಾದ ಒಳಗೆ ಕಥೆ, ಹಾಡಿನ ಸಾಹಿತ್ಯ, ಸಂಗೀತ ಎಲ್ಲ ಇವೆಯಲ್ಲ? ಅವುಗಳ ಹಕ್ಕು ಬೇರೆ ಎಂದು 1957ರ ಕಾಪಿರೈಟ್ ಕಾಯ್ದೆಯ 13ನೇ ಸೆಕ್ಷನ್ನೇ ಹೇಳುತ್ತದೆ. ಅವಕ್ಕೆ ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಈ ಸಿನಿಮಾಕ್ಕೆ ಆಧಾರ ತ.ರಾ.ಸು. ಅವರ ಕಾದಂಬರಿ. ಅವರು ತೀರಿಕೊಂಡದ್ದು 1984ರಲ್ಲಿ. ಕಾದಂಬರಿಯ ಹಕ್ಕು 2044ರ ಕೊನೆಯವರೆಗೂ ಇರುತ್ತದೆ. ಅದು ಈಗ ಯಾರ ಕೈಲಿದೆ ಎಂದು ಹಳೇ ಕರಾರುಪತ್ರ ನೋಡದೆ ಹೇಳುವವರನ್ನು ನಂಬಬೇಡಿ.

ಅಮೆರಿಕದಲ್ಲಿ ಇದೇ ಆಯಿತು. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಸಿನಿಮಾದ ಹಕ್ಕನ್ನು 1974ರಲ್ಲಿ ನವೀಕರಿಸಲಿಲ್ಲ, ಹಾಗಾಗಿ ಹಕ್ಕು ಹೋಯಿತು. ಟಿವಿ ಚಾನೆಲ್‌ಗಳು ಪ್ರತಿ ಕ್ರಿಸ್‌ಮಸ್‌ಗೆ ಬಿಟ್ಟಿಯಾಗಿ ಹಾಕಿಕೊಂಡವು. ಸಿನಿಮಾ ಮನೆಮಾತಾದದ್ದೇ ಹೀಗೆ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ರಿಯರ್ ವಿಂಡೋ’ ಎಂಬ ಇನ್ನೊಂದು ಸಿನಿಮಾದ ಕೇಸಿನಲ್ಲಿ ಮೂಲ ಕಥೆಯ ಹಕ್ಕನ್ನು ಎತ್ತಿಹಿಡಿಯಿತು. ಅದೇ ದಾರಿ ಹಿಡಿದು 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಕಂಪನಿ, ‘ವಂಡರ್‌ಫುಲ್ ಲೈಫ್’ನ ಕಥೆಯ ಹಕ್ಕೂ ಸಂಗೀತದ ಹಕ್ಕೂ ನಮ್ಮದು ಎಂದಿತು. ಬಿಟ್ಟಿ ಪ್ರಸಾರ ನಿಂತಿತು.

ನನ್ನ ಸಲಹೆ? ವಿಮರ್ಶೆ ಮಾಡುತ್ತೀರಾ, ಬೇಕಾದಷ್ಟೇ ತುಣುಕು ಹಾಕಿ. ಇಡೀ ಸಿನಿಮಾ ಹಾಕಬೇಕಾ, ಮೊದಲು ಕಾದಂಬರಿ ಮತ್ತು ಹಾಡುಗಳ ಒಪ್ಪಿಗೆ ಪತ್ರ ತನ್ನಿ. ಸಿಗಲಿಲ್ಲವಾದರೆ ಕೈಬಿಡಿ. ನಾನು ಜಾಸ್ತಿ ಹೆದರಿಸುತ್ತೇನೆ ಅನ್ನುವವರಿದ್ದಾರೆ. ಇರಲಿ. ಇನ್ನು ‘ಪಬ್ಲಿಕ್ ಡೊಮೇನ್ ಸರ್ಟಿಫಿಕೇಟ್’ (ಹಕ್ಕು ಮುಗಿದಿದೆ, ಯಾರು ಬೇಕಾದರೂ ಬಳಸಬಹುದು ಎಂಬ ಪತ್ರ) ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಕಾಪಿರೈಟ್ ಕಚೇರಿ ಅಂಥ ಸರ್ಟಿಫಿಕೇಟ್ ಕೊಡುವುದೇ ಇಲ್ಲ.

ಪ್ರಶ್ನೆ: ತುಣುಕು 30 ಸೆಕೆಂಡಿನ ಒಳಗಿದ್ದರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ಅಂಥ ನಿಯಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಪ್ರಶ್ನೆ: ‘ಎಲ್ಲ ಹಕ್ಕುಗಳೂ ಮೂಲ ಮಾಲೀಕರದು’ ಎಂದು ಕೆಳಗೆ ಬರೆದರೆ ಸಾಕಾ?

ಉತ್ತರ: ನಿಮ್ಮದಲ್ಲ ಎಂದು ನೀವೇ ಬರೆದುಕೊಟ್ಟ ಹಾಗಾಯಿತು, ಅಷ್ಟೇ.

ಪ್ರಶ್ನೆ: ಹಕ್ಕು ಮುಗಿದ ಸಿನಿಮಾದ ಪ್ರಿಂಟ್ ಕೊಡಿ ಎಂದು ನಿರ್ಮಾಪಕರ ಮನೆಯವರನ್ನು ಕೇಳಬಹುದಾ?

ಉತ್ತರ: ಕೇಳಿ. ಅವರು ಕೊಡಲೇಬೇಕೆಂದಿಲ್ಲ. ಡಬ್ಬಿಯಲ್ಲಿರುವ ರೀಲು ಅವರ ಸ್ವತ್ತು.