ರೋಜರ್ ಕಾನರ್ ಲೇಖನ: ಮೊದಲು ಬೇಬ್ ರೂತ್‌ನನ್ನು ಹೊರಗೆ ಕಳಿಸಿ

ನಮಸ್ಕಾರ,

ರೋಜರ್ ಕಾನರ್ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಹಾಗಂತ ಬಿಟ್ಟುಬಿಡಬೇಡಿ, 1880ರ ದಶಕದ ಅಮೆರಿಕದ ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರು ನನಗೆ ದಿನಾ ಸಿಗುವುದಿಲ್ಲ.

ದೊಡ್ಡ ತಕರಾರು ಮೊದಲು ಹೇಳಿಬಿಡುತ್ತೇನೆ. ಲೇಖನದ ಅರ್ಧ ಬೇಬ್ ರೂತ್, ಕಾನರ್ ನಂತರದ ಕಾಲದ ದೊಡ್ಡ ಹೊಡೆತಗಾರ, ತುಂಬಿಕೊಂಡಿದ್ದಾನೆ. ಕಾನರ್ 138 ಹೋಮ್ ರನ್ (ಒಂದೇ ಹೊಡೆತಕ್ಕೆ ಮೈದಾನದ ನಾಲ್ಕೂ ಗುರುತು, ಅಂದರೆ ಬೇಸ್, ಸುತ್ತಿ ಬರುವುದು) ಹೊಡೆದ, 1921ರಲ್ಲಿ ರೂತ್ ಅದನ್ನು ದಾಟಿ 714ರ ತನಕ ಹೋದ. ಸರಿ, ಇದರಿಂದ ಕಾನರ್ ಎಂಥ ಆಟಗಾರ ಅಂತ ಏನು ಗೊತ್ತಾಯಿತು? ಅವನನ್ನು ಅಳೆಯಬೇಕಾದ್ದು ಅವನ ಜೊತೆ ಆಡಿದವರ ಪಕ್ಕ ನಿಲ್ಲಿಸಿ.

ನಿಲ್ಲಿಸಿದರೆ ನಿಮ್ಮ 'ಸರಿಸಾಟಿ ಇಲ್ಲದ ಹೋಮ್ ರನ್ ರಾಜ' ಅನ್ನುವ ಮಾತು ಅಲ್ಲಾಡುತ್ತದೆ. ಹ್ಯಾರಿ ಸ್ಟೋವಿ 1,486 ಪಂದ್ಯಗಳಲ್ಲಿ 122 ಹೊಡೆದಿದ್ದಾನೆ, ಕಾನರ್ 138ಕ್ಕೆ ತೆಗೆದುಕೊಂಡದ್ದು ಹೆಚ್ಚುಕಮ್ಮಿ 2,000 ಪಂದ್ಯ. ಲೆಕ್ಕ ನೀವೇ ಹಾಕಿ. ಸ್ಟೋವಿ ಬಹಳ ವರ್ಷ ಅಮೆರಿಕನ್ ಅಸೋಸಿಯೇಷನ್ ಅನ್ನುವ ಲೀಗ್‌ನಲ್ಲಿ ಆಡಿದ, ಅದು ಕಾನರ್ ಹೆಚ್ಚು ಕಾಲ ಆಡಿದ ನ್ಯಾಷನಲ್ ಲೀಗ್‌ನಷ್ಟು ಗಟ್ಟಿ ಅಲ್ಲ ಅಂತ ನೀವು ವಾದ ಮಾಡಬಹುದು, ಮಾಡಿ, ಆದರೆ ಅವನ ಹೆಸರನ್ನೇ ಎತ್ತದೆ ಇದ್ದರೆ ಹೇಗೆ? ಕಾನರ್ ಒಂದು ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಹೋಮ್ ರನ್ ಹೊಡೆದದ್ದೂ ಒಂದೇ ಸಲ, 1890ರಲ್ಲಿ, ಒಂದೇ ವರ್ಷ ಬಾಳಿದ ಪ್ಲೇಯರ್ಸ್ ಲೀಗ್‌ನಲ್ಲಿ. ಸರಾಸರಿಗೆ (ಸಿಕ್ಕ ಅವಕಾಶದಲ್ಲಿ ಎಷ್ಟು ಸಲ ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು) ಬಂದರೆ ಅದೇ ಕಾಲದ ಡ್ಯಾನ್ ಬ್ರೂದರ್ಸ್ ಮುಂದೆ, ಅವನದು 0.342, ಕಾನರ್‌ನದು 0.316.

ಹಾಗಾದರೆ ಕಾನರ್ ಹತ್ತಿರ ಇರುವುದೇನು? ಟ್ರಿಪಲ್! ಹೊಡೆದು, ಎಲ್ಲೂ ನಿಲ್ಲದೆ ಮೂರನೇ ಬೇಸ್ ತನಕ ಓಡುವುದು. 233 ಸಲ ಮಾಡಿದ್ದಾನೆ, ಇವತ್ತಿಗೂ ಅವನಿಗಿಂತ ಮುಂದೆ ಇರುವವರು ನಾಲ್ಕೇ ಜನ. ಆಗಿನ ಎಷ್ಟೋ ಮೈದಾನಗಳಲ್ಲಿ ಬೇಲಿ ಎಲ್ಲೋ ದೂರದಲ್ಲಿರುತ್ತಿತ್ತು, ಚೆಂಡು ಉರುಳುತ್ತಲೇ ಹೋಗುತ್ತಿತ್ತು, 6 ಅಡಿ 3 ಅಂಗುಲದ, ಹತ್ತಿರ ಹತ್ತಿರ 100 ಕೆಜಿಯ ಆಸಾಮಿ ಧಡಧಡ ಅಂತ ಓಡುತ್ತಿದ್ದ. ಆ ಕಾಲದ ದೊಡ್ಡ ಹೊಡೆತ ಅಂದರೆ ಇದೇ ಅಲ್ವಾ? ನೀವು ಇದನ್ನು ಪಟ್ಟಿಯ ಮೂಲೆಯಲ್ಲಿ ಸುಮ್ನೆ ಒಂದು ಸಂಖ್ಯೆಯಾಗಿ ಬಿಟ್ಟಿದ್ದೀರಿ.

ಇನ್ನು ಆ ಪಟ್ಟಿ. ಹ್ಯೂ ಡಫಿ ಅನ್ನುವ ಬ್ಯಾಟರ್‌ನ 1894ರ ಸರಾಸರಿ 0.440 ಪಕ್ಕದಲ್ಲಿ ಕಾನರ್‌ನ 1885ರ 0.371 ಇಟ್ಟಿದ್ದೀರಿ, ಪಾಪ, ಕಾನರ್ ಸಪ್ಪೆಯಾಗಿ ಕಾಣುತ್ತಾನೆ. 1893ರಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು, ಬ್ಯಾಟರ್‌ಗೆ ಎಸೆಯುವ ದೂರವನ್ನು 60 ಅಡಿ 6 ಅಂಗುಲಕ್ಕೆ ಹೆಚ್ಚಿಸಿದರು, ಹೊಡೆಯುವುದು ಸುಲಭವಾಯಿತು. ಮರುವರ್ಷ ಇಡೀ ನ್ಯಾಷನಲ್ ಲೀಗ್‌ನ ಸರಾಸರಿಯೇ 0.309. 1885ರಲ್ಲಿ ಅದು 0.250 ಕೂಡ ಮುಟ್ಟಿರಲಿಲ್ಲ. ಕಾನರ್ 1880ರಲ್ಲಿ ಶುರು ಮಾಡಿದಾಗ ಆ ದೂರ 45 ಅಡಿ, ಚೆಂಡು ಎತ್ತರಕ್ಕೆ ಬೇಕೋ ತಗ್ಗಿಗೆ ಬೇಕೋ ಅಂತ ಬ್ಯಾಟರ್ ಕೇಳಿ ಹಾಕಿಸಿಕೊಳ್ಳಬಹುದಿತ್ತು, 1884ರಲ್ಲಿ ಪಿಚರ್‌ಗೆ ತಲೆ ಮೇಲಿಂದ ಎಸೆಯಲು ಬಿಟ್ಟರು, 1887ರಲ್ಲಿ ಬ್ಯಾಟರ್ ಕೇಳುವ ಪದ್ಧತಿಯೂ ಹೋಯಿತು. ಒಬ್ಬನೇ ಮನುಷ್ಯ ಇಷ್ಟೂ ಆಟ ಆಡಿದ್ದಾನೆ. ನಿಮ್ಮಲ್ಲಿ ಇದರ ಬಗ್ಗೆ ಒಂದು ಸಾಲಿಲ್ಲ.

'ಸರಾಸರಿ' ಅಂದರೇನು ಅಂತ ಬಿಡಿಸಿ ಹೇಳಿ. ನಮ್ಮ ಓದುಗರಿಗೆ ಕ್ರಿಕೆಟ್ ಸರಾಸರಿ ಗೊತ್ತು, 0.316 ನೋಡಿದರೆ ನಗುತ್ತಾರೆ. ಇದು ರನ್ ಲೆಕ್ಕ ಅಲ್ಲ, ಸಾವಿರ ಅವಕಾಶದಲ್ಲಿ 316 ಸಲ ಹಿಟ್.

ಶುರುವಾತಿಗೆ 1881ರ ಸೆಪ್ಟೆಂಬರ್ 10 ತನ್ನಿ. ಕಾನರ್‌ನ ಟ್ರಾಯ್ ತಂಡ ವುಸ್ಟರ್ ತಂಡದ ಎದುರು ಮೂರು ರನ್ ಹಿಂದೆ, ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ಮೂರು ಬೇಸ್‌ಗಳೂ ತುಂಬಿವೆ, ಕಾನರ್ ಹೋಮ್ ರನ್ ಹೊಡೆದು ಆಟ ಮುಗಿಸುತ್ತಾನೆ. ನ್ಯಾಷನಲ್ ಲೀಗ್‌ನ ಮೊದಲ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್. ಇಂಥದ್ದನ್ನು ಕೊನೆಯ ಪ್ಯಾರಾದಲ್ಲಿ ಯಾರಾದರೂ ಹೂಳುತ್ತಾರಾ?

ರೂತ್ ಬೇಕೇ ಬೇಕು ಅಂದರೆ ಒಂದು ಸಾಲು ಕೊಡಿ: 1921ರಲ್ಲಿ ಅವನು 138 ದಾಟಿದಾಗ ಯಾರೂ ಗಮನಿಸಲಿಲ್ಲ, ಆಗ ಕಾನರ್ ಇನ್ನೂ ಬದುಕಿದ್ದ.