‘ಅವನು ನನಗೆ ಇಷ್ಟ’ ಎನ್ನುವ ಮಗನಿಗೆ ಏನು ಹೇಳಬೇಕು?

ಅಲ್ಪ ಪ್ರಮಾಣದ ಬೌದ್ಧಿಕ ವಿಕಲತೆಯಿರುವ ನಿಮ್ಮ 19 ವರ್ಷದ ಮಗ, ವೃತ್ತಿ ತರಬೇತಿಯಲ್ಲಿ ಜೊತೆಗಿರುವ ಹುಡುಗನನ್ನೇ ಮದುವೆಯಾಗುತ್ತೇನೆ ಎನ್ನುತ್ತಿದ್ದಾನೆ, ಇದು ಬುದ್ಧಿ ಸಾಲದೆ ಬಂದ ಗೊಂದಲವೇ, ಚಿಕಿತ್ಸೆ ಕೊಡಿಸಬೇಕೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ 14 ವರ್ಷಗಳಿಂದ ವಿಶೇಷ ಶಿಕ್ಷಕಿಯಾಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ.

ಚಿಕಿತ್ಸೆಯ ಮಾತನ್ನು ಮೊದಲೇ ಮುಗಿಸುತ್ತೇನೆ. ಸಲಿಂಗ ಒಲವನ್ನು ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿದೆ. ಅದನ್ನು ‘ಬದಲಾಯಿಸುವ’ ಚಿಕಿತ್ಸೆಯು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೇಳಿದೆ. ಸರಿಪಡಿಸಿಕೊಡುತ್ತೇನೆ ಎನ್ನುವವರ ಬಳಿಗೆ ಹೋಗಬೇಡಿ.

ಇನ್ನು ಗೊಂದಲದ ವಿಚಾರ. ನಮ್ಮ ಕನ್ನಡದಲ್ಲಿ ದೋಸೆಯೂ ಇಷ್ಟ, ಅತ್ತೆಯೂ ಇಷ್ಟ, ಮನಸ್ಸು ಕದ್ದವರೂ ಇಷ್ಟ. ಉಳಿದವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಈ ಮಕ್ಕಳಿಗೆ ಅದನ್ನು ಬಿಡಿಸಿ ತೋರಿಸಬೇಕಾಗುತ್ತದೆ. ನಾನು ಮನೆಯವರ, ಗೆಳೆಯರ ಫೋಟೋಗಳನ್ನು ಕೊಟ್ಟು, ಯಾರ ಜೊತೆ ಊಟ ಮಾಡಲು ಇಷ್ಟ, ಯಾರ ಕೈ ಹಿಡಿದು ಕೂರಬೇಕೆನಿಸುತ್ತದೆ, ಯಾರಿಗೆ ಮುತ್ತು ಕೊಡಬೇಕೆನಿಸುತ್ತದೆ ಎಂಬ ಚಿತ್ರಗಳ ಕೆಳಗೆ ಜೋಡಿಸಲು ಹೇಳುತ್ತೇನೆ. ‘ಅವನನ್ನು ಪ್ರೀತಿಸುತ್ತೀಯಾ?’ ಎಂದು ನೇರವಾಗಿ ಕೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಇವರಲ್ಲಿ ಅನೇಕರು ಕೇಳಿದವರನ್ನು ಮೆಚ್ಚಿಸಲು ‘ಹೌದು’ ಎಂದುಬಿಡುತ್ತಾರೆ, ಇಲ್ಲವೇ ಕೊನೆಯಲ್ಲಿ ಕೇಳಿದ ಪದವನ್ನೇ ಮರಳಿ ಹೇಳುತ್ತಾರೆ. ಆದ್ದರಿಂದ ದಿನ ಬಿಟ್ಟು ದಿನ, ಕ್ರಮ ಬದಲಿಸಿ ಕೇಳಬೇಕು. ಒಬ್ಬ ಹುಡುಗನಿಗೆ ಮದುವೆಯೆಂದರೆ ಗೆಳೆಯನ ಪಕ್ಕ ಕೂತು ಹೋಳಿಗೆ ಊಟ ಮಾಡುವುದಷ್ಟೇ ಆಗಿತ್ತು. ಇನ್ನೊಬ್ಬ ಮೂರು ವಾರವೂ ಮುತ್ತಿನ ಚಿತ್ರದ ಕೆಳಗೆ ಒಂದೇ ಫೋಟೋ ಇಟ್ಟ. ನಾನು ಬೇಕೆಂದೇ ಪಕ್ಕಕ್ಕೆ ಸರಿಸಿದರೆ ಅದನ್ನು ಎತ್ತಿ ಮತ್ತೆ ಅಲ್ಲಿಗೇ ತಂದಿಟ್ಟ. ಅವನಿಗೆ ಗೊಂದಲವಿರಲಿಲ್ಲ, ಇದ್ದದ್ದು ನಮಗೆ. ಅದೇ ತರಗತಿಯ ಮತ್ತೊಬ್ಬ ಸಿನಿಮಾ ನಟಿಯನ್ನು ಮದುವೆಯಾಗುತ್ತೇನೆ ಎಂದಾಗ ಎಲ್ಲರೂ ನಕ್ಕರೇ ಹೊರತು ಅವನ ಬುದ್ಧಿಯನ್ನು ಯಾರೂ ಅನುಮಾನಿಸಲಿಲ್ಲ ಎಂಬುದನ್ನೂ ಹೇಳಬೇಕು.

ಒಲವು ಯಾರ ಕಡೆಗಿದ್ದರೂ ಕಲಿಸಬೇಕಾದದ್ದು ಒಂದೇ, ಅದನ್ನು ಮುಂದೂಡುವಂತಿಲ್ಲ. ತನ್ನ ಗುಪ್ತಾಂಗವನ್ನು ಮುಟ್ಟಿಕೊಳ್ಳುವ ವಿಚಾರದಲ್ಲಿ ‘ಸರಿಯಾಗಿ ನಡೆದುಕೋ’ ಎಂದರೆ ಅವನಿಗೆ ಏನೂ ತಿಳಿಯದು; ‘ಬಚ್ಚಲಮನೆಯಲ್ಲಿ ಅಥವಾ ನಿನ್ನ ಕೋಣೆಯಲ್ಲಿ, ಚಿಲಕ ಹಾಕಿದ ಮೇಲೆ ಮಾತ್ರ’ ಎಂದರೆ ತಿಳಿಯುತ್ತದೆ. ಆಗ ನೀವೂ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ನಮ್ಮ ಊರುಗಳಲ್ಲಿ ಗಂಡುಹುಡುಗರು ಹೆಗಲ ಮೇಲೆ ಕೈಹಾಕಿ ನಡೆಯುವುದು ಸಾಮಾನ್ಯವಾದ್ದರಿಂದ ಸ್ನೇಹದ ಸ್ಪರ್ಶ ಎಲ್ಲಿ ಮುಗಿಯುತ್ತದೆ ಎಂಬುದು ಇವರಿಗೆ ಕಾಣುವುದೇ ಇಲ್ಲ. ಗೆಳೆಯನನ್ನು ಕೇಳಿಯೇ ಮುಟ್ಟಬೇಕು, ಅವನು ‘ಬೇಡ’ ಎಂದರೆ ಅಥವಾ ಸುಮ್ಮನೆ ಕೈ ಹಿಂದಕ್ಕೆಳೆದುಕೊಂಡರೂ ಅಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಅಭಿನಯಿಸಿ ತೋರಿಸಿ. ಚಿಕ್ಕಪ್ಪ ಅಪ್ಪಿಕೊಳ್ಳಲು ಬಂದಾಗ ನಿಮ್ಮ ಮಗ ‘ಬೇಡ’ ಎಂದರೆ ಗದರಿಸಬೇಡಿ. ತನ್ನ ‘ಬೇಡ’ಕ್ಕೆ ಬೆಲೆ ಸಿಗದವನಿಗೆ ಇನ್ನೊಬ್ಬರ ‘ಬೇಡ’ ಅರ್ಥವಾಗುವುದು ಕಷ್ಟ. ಆ ಗೆಳೆಯನ ವಯಸ್ಸನ್ನೂ ವಿಚಾರಿಸಿಕೊಳ್ಳಿ. ಅವನಿಗೆ 18 ತುಂಬಿರದಿದ್ದರೆ, ಅವನ ಒಪ್ಪಿಗೆಯಿದ್ದರೂ ಲೈಂಗಿಕ ಸಂಪರ್ಕವು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಅಪರಾಧವಾಗುತ್ತದೆ. ಇಬ್ಬರೂ ವಯಸ್ಕರಾಗಿದ್ದು, ಇಬ್ಬರಿಗೂ ಒಪ್ಪಿಗೆಯಿದ್ದರೆ, 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಅಪರಾಧವಲ್ಲ.

ಇಂಥ ಪಾಠ ಬೇಡ ಎಂದು ಮಗನ ತರಬೇತಿ ಕೇಂದ್ರದವರು ಹೇಳಿದರೆ, ಸಂತಾನೋತ್ಪತ್ತಿ ಮತ್ತು ಕುಟುಂಬ ಯೋಜನೆಯ ಸೂಕ್ತ ಮಾಹಿತಿ ವಿಕಲಚೇತನರಿಗೆ ದೊರೆಯಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಂ ಹೇಳುವುದನ್ನು ಅವರ ಗಮನಕ್ಕೆ ತನ್ನಿ.

ಬಂಧುಗಳಿಗೆ ಈಗಲೇ ಏನನ್ನೂ ಹೇಳಬೇಡಿ, ಅವನನ್ನು ಕೇಳದೆಯಂತೂ ಬೇಡವೇ ಬೇಡ. ಬಿಡುವಾದಾಗ ಒಂದು ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು, ಮದುವೆಯಾದ ಮೇಲೆ ನೀವಿಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತೀರಿ ಎಂದು ಬರೆದು ತೋರಿಸಲು ಹೇಳಿ, ಮುಗಿಯುವವರೆಗೆ ತಿದ್ದದೆ ಪಕ್ಕದಲ್ಲಿ ಕುಳಿತಿರಿ.